ಬೆಚ್ಚಗಿನ ಬೋಡೆ, ತಣ್ಣಗಿನ ಬೋಡೆ

ಈ ದೇಶದ ಹಳೆಯ ಮನೆಗಳ ವಾಶ್‌ಬೇಸಿನ್ನಿಗೆ ಎರಡು ನಲ್ಲಿ. ಒಂದು ಕೈ ಸುಡುತ್ತದೆ, ಇನ್ನೊಂದು ಮರಗಟ್ಟಿಸುತ್ತದೆ. ಹದವಾದ ನೀರು ಬೇಕೆಂದರೆ ನೀವೇ ಬೊಗಸೆಯಲ್ಲಿ ಬೆರೆಸಿಕೊಳ್ಳಬೇಕು. ಶೆಫೀಲ್ಡಿಗೆ ಬಂದು ಇಷ್ಟು ವರ್ಷವಾದರೂ ನನಗೆ ಆ ಹದ ಕೈಗೆ ಹತ್ತಿಲ್ಲ. ಇವತ್ತು ಬೆಳಿಗ್ಗೆಯೂ ಬೆರಳು ಸುಟ್ಟುಕೊಂಡೆ. ಮೊಣಕಾಲಿನ ಆಪರೇಷನ್ ಆದವಳು ನಾನು. ನಮ್ಮ ಬಡಾವಣೆ ಬ್ರೂಮ್‌ಹಿಲ್ಲಿನ ಏರು ಹತ್ತಿ ಬಸ್ ಸ್ಟಾಪಿನವರೆಗೆ ಒಬ್ಬಳೇ ನಡೆದರೆ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಮರಳಬಹುದು ಎಂದು ಫಿಸಿಯೋ ಹೇಳಿ ಬಹಳ ದಿನವಾಯಿತು. ದಿನಕ್ಕೊಂದು ನೆಪ ನನ್ನ ಬಳಿ ಸಿದ್ಧವಿರುತ್ತದೆ. ಮಳೆಯಂತೂ ಇಲ್ಲಿ ಕೇಳದೆಯೇ ಸಿಗುವ ನೆಪ.

ಸುಟ್ಟ ಬೆರಳನ್ನು ತಣ್ಣೀರಿಗೆ ಹಿಡಿದಾಗ ನೆನಪಾದದ್ದು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕಾಡು. ಅಲ್ಲಿ ಬೋಡೆ ಎಂಬ ಸಣ್ಣ ಹೊಳೆಯಿದೆ. ಅದು ಎರಡು ಕವಲಾಗಿ ಬರುತ್ತದೆ. ಒಂದರ ಹೆಸರು ಬೆಚ್ಚಗಿನ ಬೋಡೆ, ಇನ್ನೊಂದರದು ತಣ್ಣಗಿನ ಬೋಡೆ. ಮಂಗಳೂರಿನಿಂದ ಬಂದಿದ್ದ ಅತ್ತೆಯವರನ್ನು ಒಂದು ಬೇಸಿಗೆಯಲ್ಲಿ ಅಲ್ಲಿಗೆ ಕರೆದೊಯ್ದಿದ್ದೆವು. ಅದಕ್ಕೆ ಕೆಲವೇ ತಿಂಗಳ ಹಿಂದೆ ಅವರ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ನನ್ನ ಗಂಡ ತಾಯಿಯ ತೋಳು ಬಿಡುತ್ತಿರಲಿಲ್ಲ. ಕವಲುಗಳು ಸೇರುವ ಜಾಗಕ್ಕೆ ಕಾಲುದಾರಿ ಮಾತ್ರ ಎಂದು ತಿಳಿದದ್ದೇ, ದೂರದಿಂದ ನೋಡಿದರೆ ಸಾಕು ಎಂದು ತೀರ್ಪು ಕೊಟ್ಟರು. ನಾನೂ ತಲೆಯಾಡಿಸಿದೆ. ನಡೆಯಲು ನನಗೂ ಸೋಮಾರಿತನ, ಸುಳ್ಳೇಕೆ ಹೇಳಲಿ.

ಅತ್ತೆ ದಾರಿಬದಿಯ ಹಲಗೆಯ ಮೇಲಿನ ಹೆಸರನ್ನು ಅಕ್ಷರಕ್ಕಕ್ಷರ ಕೂಡಿಸಿ ಓದಿದರು. ಅವರ ಮನೆಮಾತು ತುಳು. ತುಳುವಿನಲ್ಲಿ ‘ಬೋಡಾ’ ಎಂದರೆ ಬೇಕಾ, ‘ಬೋಡು’ ಎಂದರೆ ಬೇಕು.

“ಹೊಳೆಯೇ ಬೋಡಾ ಅಂತ ಕೇಳ್ತದೆ. ನಂಗೆ ಬೋಡು. ನೀವಿಬ್ರು ಇಲ್ಲೇ ಕೂತ್ಕೊಳ್ಳಿ,” ಎಂದವರು ಮಗನ ಕೈ ಬಿಡಿಸಿಕೊಂಡು ಹೊರಟೇಬಿಟ್ಟರು.

ನಾವು ಕೂರಲಿಲ್ಲ, ಹಿಂದೆಯೇ ನಡೆದೆವು. ಬೇರು ಅಡ್ಡ ಬಂದಲ್ಲಿ ಅವರು ನಿಲ್ಲುವರು, ನೋಡುವರು, ದಾಟುವರು. ಕೊನೆಗೆ ಎರಡೂ ನೀರಿಗೆ ಕೈ ಅದ್ದಿದರು. ಬೆಚ್ಚಗಿನದೂ ತಣ್ಣಗಿನದೂ ಒಂದೇ ಸಮ ಕೊರೆಯುತ್ತಿದ್ದವು. ಕಾಲು ನೋಯುತ್ತಿದೆಯೇ ಎಂದು ಮಗ ಕೇಳಿದರು.

“ನೋವುಂಟು. ಅದು ಹೋದ ಮೇಲೆ ನಡೆಯುವುದಾದ್ರೆ ನಾನು ನಡೆಯುವುದು ಯಾವಾಗ?”

ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು, ಪ್ರೀತಿಯೂ ಉಕ್ಕಿತು.

ನಲ್ಲಿ ನಿಲ್ಲಿಸಿ ಕೋಟು ತೊಟ್ಟೆ. ಕಾರಿನಲ್ಲಿ ಬಿಡುತ್ತೇನೆ ಎಂದರು ಗಂಡ. ಬೇಡ ಎಂದೆ. ಏರಿನ ನಡುವೆ ಮೊಣಕಾಲು ಹಿಡಿದುಕೊಂಡಿತು. ಯಾರದೋ ಕಾಂಪೌಂಡಿಗೆ ಒರಗಿ ನಿಂತು, ಮತ್ತೆ ಹೊರಟೆ. ಸ್ಟಾಪು ಮುಟ್ಟಿದಾಗ ಕಣ್ಣಲ್ಲಿ ನೀರಿತ್ತು. ಅಲ್ಲೊಂದು ಬೆಂಚಿತ್ತು, ಕೂರಲಿಲ್ಲ. ನಿಂತೇ ಮ್ಯಾನೇಜರಿಗೆ ಫೋನ್ ಮಾಡಿ, ಸೋಮವಾರದ ಪಾಳಿಪಟ್ಟಿಯಲ್ಲಿ ನನ್ನ ಹೆಸರು ಹಾಕಿ ಎಂದೆ.