ಮಗ್ಗ ನಿಲ್ಲಿಸುತ್ತಿದ್ದ ಕಂಪೌಂಡರ್

ಮುಂಬಯಿಯಲ್ಲಿ ನನ್ನ ಮಗಳ ಎದೆ ಕೊಯ್ದು ಹೃದಯ ಸರಿಮಾಡಿದರು. ಊರಿಗೆ ಬಂದ ಮೇಲೆ ಹೃದಯದ ಸುತ್ತಲ ಪೊರೆ ಬಾತು, ಜ್ವರ ಬಿಡಲೊಲ್ಲದಾಯಿತು. ಬಾವು ಇಳಿಯದಿದ್ದರೆ ಮತ್ತೆ ಕೊಯ್ಯಬೇಕಿತ್ತು. ಬೆಟಗೇರಿಯ ಕಂಪೌಂಡರ್ ವಾರಕ್ಕೊಮ್ಮೆ ಬಂದು ಗುಳಿಗೆ ಕೊಟ್ಟು, ಎದೆಗೆ ಕೊಳವೆ ಹಚ್ಚಿ, ಬಾತ ಪೊರೆ ಹೃದಯಕ್ಕೆ ಉಜ್ಜುವ ಸಪ್ಪಳ ಕೇಳುತ್ತಿದ್ದ. ಅದಕ್ಕೆ ಓಣಿಯ ಮಗ್ಗಗಳೆಲ್ಲ ನಿಲ್ಲಬೇಕು. "ಸುಮ್ನಿರ್ರಿ, ಇನ್ನೂ ಕರಕರ ಅಂತೈತಿ" ಎನ್ನುತ್ತಿದ್ದ, ಪ್ರತಿ ವಾರವೂ.

ರಾಜ್ಯ ಒಂದಾದ ದಿನ ಬಾಜಾ ಬಾರಿಸುತ್ತ ಮೆರವಣಿಗೆ ಬಂತು. ಆತ ಕೊಳವೆ ಕಿವಿಯಲ್ಲಿಟ್ಟುಕೊಂಡೇ ಓಡಿಹೋಗಿ ಅಡ್ಡ ನಿಂತ.

"ಕನ್ನಡನಾಡು ಒಂದಾಗೋದು ಬ್ಯಾಡೇನ್ರೀ ನಿಮಗ?" ಎಂದರು ಮುಂದಿದ್ದ ಹಿರಿಯರು.

"ಆಗ್ಲಿ. ಎರಡು ನಿಮಿಷ ತಡದು ಆಗ್ಲಿ."

ಬಾಜಾ ನಿಂತಿತು; ಬಾವುಟ ಹಿಡಿದ ಮಂದಿಯೆಲ್ಲ ತುಟಿ ಬಿಗಿದು ನಿಂತರು. ಆತ ಒಳಬಂದು ಮಗಳ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿದ.

"ಕರಕರ ನಿಂತೈತಿ. ಇನ್ನ ಬಾರಿಸ್ರಿ."