ಮಾರ್ಕಂಡೇಯನ ಎದುರಿನ ಯಮ

ಮೃಕಂಡು ಮುನಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಕ್ಕಳಿಲ್ಲದೆ ತಪಸ್ಸಿಗೆ ಕೂತವನ ಎದುರು ಶಿವ ಬಂದು, ನೂರು ವರ್ಷ ಬಾಳುವ ದಡ್ಡ ಮಗ ಬೇಕೋ, ಹದಿನಾರಕ್ಕೇ ಮುಗಿಯುವ ಜಾಣ ಮಗ ಬೇಕೋ ಎಂದು ಕೇಳಿದನಂತೆ. ಈ ಮಹಾನುಭಾವ ಜಾಣನನ್ನೇ ಆರಿಸಿಕೊಂಡ. ದಡ್ಡ ಮಕ್ಕಳು ಮನೆಯಲ್ಲಿ ಇರಬಾರದೇ? ನಮ್ಮ ಮನೆಯಲ್ಲಿ ನಾನಿರಲಿಲ್ಲವೇ?

ನಮ್ಮನೆಯ ಜಾಣೆ ಅಕ್ಕ. ಅವಳು ಪಿಯುಸಿಗೆ ಸೇರಿದ ವರ್ಷವೇ ಎರಡೂ ಕಿಡ್ನಿ ಕೆಟ್ಟವು. ತೊಂಬತ್ತರ ದಶಕದ ಕೊನೆ ಅದು. ಗರುಡಾಚಾರ್‌ಪಾಳ್ಯದಲ್ಲಿ ನಾವು ರಾಗಿ ಬೆಳೆದ ಹೊಲಗಳ ಮೇಲೆ ಕಾರ್ಖಾನೆಯ ಶೆಡ್ಡುಗಳು ಎದ್ದಿದ್ದವು. ವಾರಕ್ಕೆರಡು ಸಲ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು, ರಕ್ತ ಶುದ್ಧಿ ಮಾಡಿಸಲು ಶಿವಾಜಿನಗರದ ಕಡೆಗೆ ಹೋಗುತ್ತಿದ್ದೆವು. ಅಮ್ಮನ ಕಿಡ್ನಿ ಹೊಂದಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಅಜ್ಜಿ ಡಾಕ್ಟರ ಎದುರು ಸೆರಗು ಬಿಗಿದು ನಿಂತು, "ನಂದು ತಗೊಳ್ಳಿ ಸ್ವಾಮಿ, ನಂಗಿನ್ನು ಯಾತಕ್ಕೆ ಬೇಕು" ಅಂದಳು. ಅವರು ಮೆಲ್ಲಗೆ, "ವಯಸ್ಸಾಯ್ತಲ್ಲ ಅಜ್ಜಿ, ಆಗಲ್ಲ" ಅಂದರು. ವಾಪಸ್ ಬರುವಾಗ, ಹಲಸೂರಿನ ಸೋಮೇಶ್ವರನಿಗೆ ಯಾವಾಗಲೂ ಆಟೋದಿಂದಲೇ ಕೈ ಮುಗಿಯುವ ಅಜ್ಜಿ ಅವತ್ತು ಅದನ್ನು ಮರೆತಳು.

ಆಗಲೇ ಊರವರು ಸೇರಿ ನಮ್ಮ ಈಶ್ವರನ ಗುಡಿಗೆ ಗೋಪುರ ಕಟ್ಟಿಸುತ್ತಿದ್ದರು. ಗಾರೆ ಬೊಂಬೆ ಮಾಡುವವರು ತಮಿಳುನಾಡಿನ ಕಡೆಯಿಂದ ಬಂದಿದ್ದರು. ಬಾಗಿಲ ಮೇಲಿನ ಮೊದಲ ಸಾಲಿನಲ್ಲೇ ಮಾರ್ಕಂಡೇಯ. ಲಿಂಗವನ್ನು ತಬ್ಬಿ ಕೂತಿದ್ದಾನೆ, ಪಕ್ಕದಲ್ಲಿ ಕೋಣದ ಮೇಲೆ ಯಮ, ಯಮನ ಕೈಯ ಹಗ್ಗ ಹುಡುಗನ ಕೊರಳಿನಲ್ಲಿ. ಯಮನನ್ನು ಒದೆಯಲು ಲಿಂಗದಿಂದ ಶಿವ ಆಗಷ್ಟೇ ಹೊರಬರುತ್ತಿದ್ದಾನೆ. ಬೊಂಬೆ ಮಾಡುವವರೆಲ್ಲ ಹಗ್ಗ ಬಿದ್ದ ಗಳಿಗೆಯನ್ನೇ ಯಾಕೆ ಹಿಡಿಯುತ್ತಾರೋ. ಬಿಡಿಸಿಕೊಂಡು ಮನೆಗೆ ಹೋದ ಮಾರ್ಕಂಡೇಯನನ್ನು, ಮಗನಿಗೆ ಅನ್ನ ಬಡಿಸುವ ತಾಯಿಯನ್ನು ನಾನು ಯಾವ ಗುಡಿಯಲ್ಲೂ ನೋಡಿಲ್ಲ.

ಬೊಂಬೆಗಳಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿನಲ್ಲಿ ಎದುರಿಗೆ ಯಾರೂ ನಿಲ್ಲಬಾರದು. ಮೊದಲ ನೋಟಕ್ಕೆ ಬಲ ಹೆಚ್ಚು ಅಂತ ಕನ್ನಡಿ ಹಿಡಿಯುತ್ತಾರೆ. ಕಣ್ಣು ಬರೆಯುವ ಹಿಂದಿನ ದಿನ ಅಜ್ಜಿ ನನ್ನ ಕೈ ಹಿಡಿದು ಗೋಪುರಕ್ಕೆ ಕಟ್ಟಿದ್ದ ಸಾರ್ವೆಯ ಕೆಳಗೆ ಬಂದಳು.

"ಯಪ್ಪಾ, ಎಲ್ಲಾರ್ಗೂ ಕಣ್ಣು ಬರಿ. ಅವನಿಗೊಬ್ಬನಿಗೆ ಬೇಡ."

"ಯಮನ್ಗಾ? ಕಣ್ಣಿಲ್ಲಾಂದ್ರೆ ಬೊಂಬೆ ಮುಗಿಯಲ್ಲಮ್ಮಾ," ಅಂದ ಮೇಸ್ತ್ರಿ.

"ಮುಗೀದೇ ಇರ್ಲಿ. ಮನೇಲಿ ಮಗು ಮಲಗೈತೆ."

ಅವನು ಅಜ್ಜಿಯ ಮುಖ ನೋಡಿ ತಲೆಯಾಡಿಸಿದ. ಗೋಪುರದ ಎಲ್ಲರಿಗೂ ಕಣ್ಣು ಬಂತು. ಯಮ ಮಾತ್ರ ಎರಡು ಬಿಳಿ ಗುಡ್ಡೆ ಹೊತ್ತು ಕೂತ. ಅಷ್ಟು ಬಣ್ಣದ ನಡುವೆ ಊರವರು ಯಾರೂ ಗಮನಿಸಲಿಲ್ಲ.

ಗಮನಿಸಿದ್ದು ಅಕ್ಕ. ಆಸ್ಪತ್ರೆಯಿಂದ ಬರುತ್ತಾ ಆಟೋ ನಿಲ್ಲಿಸಿ ಕತ್ತು ಹೊರಗೆ ಹಾಕಿ ನೋಡಿದಳು. ವಿಷಯ ತಿಳಿದು ನಗು ತಡೆಯಲಾಗಲಿಲ್ಲ ಅವಳಿಗೆ. "ಅಜ್ಜೀ, ಅವನಿಗೆ ಕಣ್ಣಿಲ್ದಿದ್ರೇನು, ಕೋಣಕ್ಕೈತಲ್ಲ. ಅದು ಕರ್ಕೊಂಡ್ ಬರ್ತದೆ ಬಿಡು." ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನೇ, ಶಿವ ಮಾರ್ಕಂಡೇಯನಿಗೆ ಯಾವಾಗ್ಲೂ ಹದಿನಾರೇ ಇರು ಅಂತ ವರ ಕೊಟ್ನಂತೆ. ಜನ್ಮಪೂರ್ತಿ ಪಿಯುಸೀನಾ? ನಂಗಂತೂ ಬೇಡಪ್ಪ" ಅಂದಳು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ.

ಹದಿನೇಳು ತುಂಬುವ ಮೊದಲೇ ಅಕ್ಕ ಹೋದಳು. ಅವಳ ಫೋಟೋ ನಡುಮನೆಯ ಗೋಡೆ ಸೇರಿತು. ನನಗೆ ಕೆಲಸ ಸಿಕ್ಕಿತು, ತಲೆಯಲ್ಲಿ ಬಿಳಿಕೂದಲು ಕಂಡಿತು, ಅವಳಿಗೆ ಮಾತ್ರ ಹದಿನಾರೇ. ಬೇಡವೆಂದ ವರ ಅವಳಿಗೇ ಸಿಕ್ಕಿತು.

ಹನ್ನೆರಡು ವರ್ಷಕ್ಕೊಮ್ಮೆ ಗೋಪುರಕ್ಕೆ ಹೊಸ ಬಣ್ಣ ಬಳಿಯುವುದು ಪದ್ಧತಿ. ಅಕ್ಕ ಹೋದ ಮೇಲೆ ಮೊದಲ ಸಲ ಬಳಿಯುವ ವೇಳೆಗೆ ಅಜ್ಜಿಯ ಬೆನ್ನು ಬಾಗಿತ್ತು. ಕಣ್ಣು ಬರೆಯುವ ದಿನ ನನ್ನನ್ನು ರಜೆ ಹಾಕಿಸಿ ಕರೆದುಕೊಂಡು ಹೋದಳು. ಈ ಸಲ ಬೇರೆ ಮೇಸ್ತ್ರಿ. ಕೋಲಿನಿಂದ ಯಮನನ್ನು ತೋರಿಸಿ, "ಅವನಿಗೆ ದೊಡ್ಡದಾಗಿ ಬರಿಯಪ್ಪ, ಚೆನ್ನಾಗಿ ಕಾಣ್ಬೇಕು ಅವನಿಗೆ" ಅಂದಳು.

ನನಗೆ ರೇಗಿತು. "ಅವತ್ತು ಬೇಡ ಅಂದೋಳು ನೀನೇ ಅಲ್ವಾ? ಇವತ್ತೇನು?"

"ಕಣ್ಣಿಲ್ದೋನ ಕೈಗೆ ಹಗ್ಗ ಕೊಟ್ಟು ಕೂರ್ಸ್‌ಬಿಟ್ಟೆ ಕಣೇ. ಕಣ್ಣಿದ್ದಿದ್ರೆ ಮುದುಕಿ ಎದುರಿಗೇ ನಿಂತವ್ಳೆ ಅಂತ ಕಾಣ್ತಿತ್ತು. ಮಗೂನ ಬಿಟ್ಟು ನನ್ನ ಹಿಡ್ಕೊಂಡು ಹೋಗ್ತಿದ್ದ."

ಅಷ್ಟು ವರ್ಷ ಅವಳು ಇದನ್ನು ಹೊತ್ತು ತಿರುಗಿದ್ದಳು, ಒಂದೇ ಮನೆಯಲ್ಲಿದ್ದ ನಮಗೆ ಗೊತ್ತೇ ಆಗಿರಲಿಲ್ಲ. ಹಾಗಲ್ಲ ಅಜ್ಜಿ, ಅದು ಕಾಯಿಲೆ ಎಂದು ಹೇಳಬೇಕಿತ್ತು.

ಮೇಸ್ತ್ರಿ ಕುಂಚ ಎತ್ತಿಕೊಂಡ. ಅವನ ಜೊತೆಯವನು ಕನ್ನಡಿ ಹಿಡಿದು, ಎದುರಿನಿಂದ ಸರಿಯಿರಿ ಎಂದು ಕೂಗಿದ. ಎಲ್ಲರೂ ಪಕ್ಕಕ್ಕೆ ಸರಿದೆವು. ಅಜ್ಜಿ ಸರಿಯಲಿಲ್ಲ. ಕೋಲೂರಿಕೊಂಡು ಹೋಗಿ ನೇರ ಯಮನ ಕೆಳಗೆ ನಿಂತು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಮುಖ ಮೇಲೆತ್ತಿದಳು. ನಾನು ಓಡಿ ಹೋಗಿ ತೋಳು ಹಿಡಿದೆಳೆದೆ. ಅವಳು ಕದಲಲಿಲ್ಲ. ಎರಡು ಕಪ್ಪು ಕಣ್ಣು ಬಂದವು. ಅವಳು ಅವನನ್ನೇ ನೋಡುತ್ತಾ ಬಹಳ ಹೊತ್ತು ಕಾದಳು.

ಏನೂ ಆಗಲಿಲ್ಲ. ಆಮೇಲೆ ಮನೆಗೆ ಬಂದು ಇಬ್ಬರೂ ಮುದ್ದೆ ಉಂಡೆವು.