ಹುಣಸೆಮರದ ಕೆಳಗೆ ನಾಲ್ಕು ಸೋಮವಾರ

ನಮ್ಮೂರಿನಲ್ಲಿ ಯಾವ ಗಂಡಸು ಎಷ್ಟು ಕುಡಿಯುತ್ತಾನೆ ಎನ್ನುವುದು ಹೆಂಡದಂಗಡಿಯವನಿಗಿಂತ ಚೆನ್ನಾಗಿ ಬಳೆಗಾರನಿಗೆ ಗೊತ್ತು.

ಹೇಗೆ ಅಂತೀರಾ ಮಕ್ಕಳೇ? ಯಾವ ಮನೆಯಲ್ಲಿ ಬಳೆ ಬೇಗ ಬೇಗ ಒಡೆಯುತ್ತದೆ ಎಂದು ಅವನಿಗೆ ತಾನೇ ತಿಳಿಯುವುದು?

ಹೋದ ಮಾಘದಲ್ಲಿ ಮಾಗಡಿ ಪೇಟೆಯ ಬಳೆಗಾರ ನಮ್ಮ ಜಗಲಿಯ ಮೇಲೆ ಕೂತು ನಿಮ್ಮ ಅಮ್ಮನ ಕೈಗೆ ಹಸಿರು ಬಳೆ ಏರಿಸುತ್ತಿದ್ದ. ಆ ತಿಂಗಳಲ್ಲಿ ಅದು ಮೂರನೆಯ ಸಲ. ಅವಳ ಮುಂಗೈಯ ಗಾಯವನ್ನು ಕಂಡೂ ಕಾಣದವನಂತೆ, ತಲೆಯೆತ್ತದೆ ನನಗೆ ಹೇಳಿದ: "ಅವ್ವಾ, ಸೋಮ್ವಾರ ಸಂಜೆ ಬಸವಣ್ಣನ ಗುಡೀಲಿ ಕುಡಿಯೋದ ಬುಟ್ಟೋರು ಸೇರ್ತೀವಿ. ನಿಮ್ ರುದ್ರಪ್ಪನ್ನ ಒಸಿ ಕಳ್ಸಿ."

(ಅದಕ್ಕೊಂದು ಬೋರ್ಡಿಲ್ಲ, ರಿಜಿಸ್ಟರಿಲ್ಲ. ಎರಡು ವರ್ಷದಿಂದ ನಡೆಯುತ್ತಿದ್ದರೂ ನನಗೆ ಗೊತ್ತಿರಲಿಲ್ಲ.)

ರುದ್ರಪ್ಪ ನನ್ನ ಮಗ, ನಿಮ್ಮ ಅಪ್ಪ. ವಾರ ವಾರ ನಿಮಗೊಂದು ಪ್ರಶ್ನೆ ಹಾಕಿ ನಾನು ಬರೆಯುವ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯಬಹುದೇ ಎಂದು ಅವನನ್ನೇ ಕೇಳಿದೆ. "ಬರಿ ಕಣವ್ವ, ಯಾರ್ಗ್ ಗೊತ್ತಿಲ್ಲ?" ಅಂದ.

ಆ ಸೋಮವಾರ ಅವನು ಗುಡಿಗೆ ಹೋದ. ಅವನೂ ಸೇರಿ ಹನ್ನೊಂದು ಜನ. ಮೊದಲು ಭಜನೆ. ಆಮೇಲೆ ಒಬ್ಬೊಬ್ಬರೂ ತಮ್ಮ ವಾರ ಹೇಗೆ ಕಳೆಯಿತೆಂದು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಅಷ್ಟೆ. ಕ್ಲೋಸ್‌ಪೇಟೆ ರೈಲು ಸ್ಟೇಷನ್ನಿಗೆ ಗಾಡಿ ಹೊಡೆಯುವ ನಿಮ್ಮಪ್ಪನಿಗೆ ದಾರಿಯ ಹೆಂಡದಂಗಡಿಯೇ ಗಂಡಾಂತರ. ಎತ್ತುಗಳು ಕೂಡ ಅಲ್ಲಿ ತಾವಾಗಿ ನಿಲ್ಲುತ್ತಿದ್ದವಂತೆ. ಬಳೆಗಾರ ತನ್ನ ಸರಕನ್ನು ಗಾಡಿಗೆ ಹಾಕಿಕೊಂಡು, ಕೆಲಸವಿದ್ದರೂ ಇಲ್ಲದಿದ್ದರೂ ಜೊತೆಗೆ ಹೋಗತೊಡಗಿದ.

ಐದು ತಿಂಗಳು ನಮ್ಮ ಮನೆಯಲ್ಲಿ ಒಂದು ಬಳೆಯೂ ಒಡೆಯಲಿಲ್ಲ.

ಅಲ್ಲಿಗೆ ಸೇರುವವನು ಬಸವಣ್ಣನ ಮುಂದೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಬೇಕು. ಆಣೆ ಮುರಿದವನು ಮುಂದಿನ ಶಿವರಾತ್ರಿಯ ತನಕ ಗುಡಿಯ ಹೊಸ್ತಿಲು ದಾಟುವಂತಿಲ್ಲ. ದೇವರ ಮುಂದೆ ಆಡಿದ ಮಾತಲ್ಲವೇ? ನನಗೂ ಆಗ ಅದು ಸರಿಯೆಂದೇ ತೋರಿತ್ತು.

ಆಷಾಢದಲ್ಲಿ ಬಳೆಗಾರ ಜ್ವರ ಬಂದು ಮಲಗಿದ. ನಿಮ್ಮಪ್ಪ ಒಬ್ಬನೇ ಗಾಡಿ ಹೊಡೆದ. ಕುಡಿದ. ಒಂದೇ ದಿನ. ಯಾರೂ ನೋಡಿರಲಿಲ್ಲ. ಸೋಮವಾರ ತಾನೇ ಹೋಗಿ ಒಪ್ಪಿಕೊಂಡ. ಹೊರಗೆ ಕಳಿಸಿದರು.

ಬಾಯಿ ಮುಚ್ಚಿಕೊಂಡಿದ್ದರೆ ಒಳಗೇ ಇರುತ್ತಿದ್ದ. ಇದೆಂಥ ನ್ಯಾಯ?

ಅಂದಿನಿಂದ ಸೋಮವಾರ ಬಂದರೆ ಗುಡಿಯ ಎದುರಿನ ಹುಣಸೆಮರದ ಕೆಳಗೆ ಹೋಗಿ ನಿಲ್ಲುತ್ತಾನೆ. ಭಜನೆ ಕೇಳಿಸುತ್ತದೆ. ಆಮೇಲಿನ ಮಾತು ಕೇಳಿಸುವುದಿಲ್ಲ. ಅವನಿಗೆ ಬೇಕಾದದ್ದು ಆ ಮಾತು.

ಹೋದ ವರ್ಷ ಇದೇ ಮರದ ಕೆಳಗೆ ಕೆಂಚಪ್ಪನೆಂಬ ಒಕ್ಕಲಿನವನು ಹೀಗೆಯೇ ಆಣೆ ಮುರಿದು ನಿಂತಿದ್ದನಂತೆ. ಅವನಿಗೆ ಕೇಳಲಿ ಎಂದು ಒಳಗಿನವರು ತಾಳವನ್ನು ಜೋರಾಗಿ ತಟ್ಟುತ್ತಿದ್ದರಂತೆ. (ಕೆಟ್ಟವರಲ್ಲ ನೋಡಿ.) ನಾಲ್ಕು ಸೋಮವಾರ ನಿಂತ. ಐದನೆಯ ಸೋಮವಾರ ಹೆಂಡ ಇಳಿಸುವ ಈಚಲು ತೋಪಿನಲ್ಲಿ ಹೆಣವಾಗಿ ಸಿಕ್ಕಿದ.

ಹೋದ ವಾರದ್ದು ನಿಮ್ಮಪ್ಪನ ನಾಲ್ಕನೆಯ ಸೋಮವಾರ.

ನಾನು ಗಂಡಸರ ಮುಂದೆ ಮಾತಾಡಿದವಳಲ್ಲ. ಊರ ಶಾಲೆಯಲ್ಲಿ ಮೇಷ್ಟರು ಹೆಸರು ಕೂಗಿದರೂ ಬಾಯಿ ಒಣಗುತ್ತಿತ್ತು. ಆದರೂ ದೀಪ ಹಚ್ಚುವ ಹೊತ್ತಿಗೆ ಗುಡಿಯ ಬಾಗಿಲಿಗೆ ಹೋಗಿ ಕಂಬ ಹಿಡಿದು ನಿಂತೆ. ಮಗನನ್ನು ಒಳಗೆ ಕರೆಯಿರಿ ಎಂದು ಭಜನೆಯ ಹಿರಿಯರಾದ ಸಿದ್ಧಲಿಂಗಪ್ಪನವರನ್ನು ಕೇಳಿದೆ. ಮೂಲೆಯಲ್ಲಿ ಯಾರೋ, ಮಗ ಕುಡಿದದ್ದಕ್ಕೆ ಅವ್ವ ವಕಾಲತ್ತಿಗೆ ಬಂದಳು ಎಂದು ನಕ್ಕರು.

ಹಿರಿಯರು ನಗಲಿಲ್ಲ. "ತಾಯಿ, ಇದು ದೇವ್ರ ಮುಂದಿನ ಕಟ್ಟು. ಇವತ್ತು ಇವನ್ನ ಬುಟ್ರೆ ನಾಳೀಕೆ ಎಲ್ರೂ ಕುಡ್ಕೊಂಡೇ ಬತ್ತಾರೆ."

"ಹೆಂಡದಂಗಡೀಲಿ ಯಾರೂ ಆಣೆ ಕೇಳಕಿಲ್ಲ ಸ್ವಾಮಿ," ಅಂದೆ. "ಅಲ್ಲಿ ಬಾಗ್ಲು ತೆಗ್ದೇ ಐತೆ."

ಆಗ, ಜ್ವರದಿಂದೆದ್ದು ಅಂದೇ ಮೊದಲ ಸಲ ಬಂದಿದ್ದ ಬಳೆಗಾರ ತಾಳ ಕೆಳಗಿಟ್ಟು ಎದ್ದ. ನನ್ನನ್ನು ದಾಟಿ ಹೋಗಿ ಹುಣಸೆಮರದ ಬೇರಿನ ಮೇಲೆ ಕೂತ. ನಾನೂ ಹಿಂದೆಯೇ ಹೋದೆ.

"ಕೂತ್ಕಳ್ಳಾ ರುದ್ರ. ಈ ವಾರ ಎಂಗಿತ್ತು ಯೋಳು."

ನಿಮ್ಮಪ್ಪ ಅವನ ಪಕ್ಕ ಕೂತ. ಆಮೇಲೆ ಹೇಳಿದ: "ಮೂರ್ ಸಲ ಅಂಗ್ಡಿ ಮುಂದೆ ಗಾಡಿ ನಿಲ್ಸ್ದೆ. ಇಳೀನಿಲ್ಲ. ನಾಕನೇ ಸಲ ಏನಾಯ್ತದೋ ಗೊತ್ತಿಲ್ಲಣ್ಣ."

ಹೆತ್ತವಳಿಗೆ ಈ ಮಾತನ್ನು ಅವನು ಯಾವತ್ತೂ ಹೇಳಿರಲಿಲ್ಲ. ನನ್ನೊಡನೆ ಹೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ. ಬಳೆಗಾರ ಅಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಯಾವ ದಿನ, ಎಷ್ಟು ಹೊತ್ತಿನಲ್ಲಿ ಎಂದು ಕೇಳಿ, ಆ ಹೊತ್ತಿಗೆ ತಾನು ಗಾಡಿಯಲ್ಲಿ ಇರುತ್ತೇನೆ ಅಂದ.

ಮರುದಿನ ಬಳೆಗಾರನಿಗೆ ಹೇಳಿಕಳಿಸಿದರು: ಆಣೆ ಮುರಿದವನ ಜೊತೆ ಕೂತರೆ ನೀನೂ ಹೊರಗೇ ಇರಬೇಕಾಗುತ್ತದೆ. ಮಳೆ ಬಂದರೆ ಒಸಿ ಕಷ್ಟ ಎಂದು ನಕ್ಕನಂತೆ. ಅವನ ಮೈಯಲ್ಲಿ ಜ್ವರ ಇನ್ನೂ ಪೂರ್ತಿ ಇಳಿದಿಲ್ಲ.

ನಾಳೆ ಸೋಮವಾರ. ಮರದ ಕೆಳಗೆ ಇಬ್ಬರು, ಗುಡಿಯೊಳಗೆ ಒಂಬತ್ತು ಜನ. ನನ್ನ ಬರಹವನ್ನು ಆ ಒಂಬತ್ತು ಮನೆಗಳಲ್ಲೂ ಮಕ್ಕಳು ಓದಿ ಹೇಳುತ್ತಾರೆಂದು ನನಗೆ ಗೊತ್ತು. ಆದ್ದರಿಂದ ಈ ವಾರದ ಪ್ರಶ್ನೆ ನನ್ನ ಮೊಮ್ಮಕ್ಕಳಿಗಲ್ಲ, ಅವರಿಗೆ.

ಕೆಂಚಪ್ಪನ ಚಟ್ಟಕ್ಕೆ ಹೆಗಲು ಕೊಡಲು ನೀವೆಲ್ಲ ಹೊರಗೆ ಬಂದಿರಿ. ಉಸಿರಾಡುತ್ತಿರುವವನ ಪಕ್ಕ ಬಂದು ಕೂರಲು ಇನ್ನೇನಾಗಬೇಕು?